ಕಾಡಿಗೆ ಹೊರಟ ಲಕ್ಷ್ಮೀಪಟ

ಮನೆಯ ಕಸದ ಬುಟ್ಟಿಗೆ ಹಾಕಲು ಕೈ ಬಾರದ್ದನ್ನು ಕಾಡಿನಲ್ಲಿ ಬಿಟ್ಟುಬರಲು ನಮಗೆ ಅಧಿಕಾರ ಕೊಟ್ಟವರು ಯಾರು?

ಮೊನ್ನೆ ದೇವರಕೋಣೆಯನ್ನು ಶುಚಿಗೊಳಿಸುವಾಗ ಗೆದ್ದಲು ಹಿಡಿದ ಪಟವೊಂದರಿಂದ ಹಳೆಯ ಗಂಧ, ಕರ್ಪೂರಗಳ ವಾಸನೆ ಬಂದಿತು. ಜಯನಗರದ ನಮ್ಮ ಎದುರುಮನೆಯ ಆಂಟಿ ನೆನಪಾದರು...

ಅವರ ಮನೆಯ ಲಕ್ಷ್ಮೀಪಟದ ಗಾಜು ಒಮ್ಮೆ ಒಡೆಯಿತು. ಗೃಹಪ್ರವೇಶದ ದಿನ, ಈಗಿಲ್ಲದ ಅವರ ಯಜಮಾನರು ತಾವೇ ಮೊಳೆ ಹೊಡೆದು ತೂಗುಹಾಕಿದ್ದ ಪಟ ಅದು. ಭಿನ್ನವಾದದ್ದನ್ನು ಪೂಜಿಸುವಂತಿಲ್ಲ, ಎಸೆದರೆ ಯಜಮಾನರಿಗೇ ಅಪಚಾರವಾದೀತೆಂಬ ಅಳುಕು. ಅಂಥ ಪಟಗಳನ್ನು ಮರದ ಬುಡದಲ್ಲಿ ಇಟ್ಟು ಕೈಮುಗಿಯುವುದು ನಮ್ಮ ಕಡೆಯ ರೂಢಿ. ಆದರೆ ಬೀದಿಯ ಅರಳಿಮರ ಅವರಿಗೆ ಒಪ್ಪಿಗೆಯಾಗಲಿಲ್ಲ.

"ನಾಯಿ ಓಡಾಡೋ ಜಾಗದಲ್ಲಿ ಲಕ್ಷ್ಮೀನ ಹೇಗೋ ಬಿಡ್ಲಿ? ನೀನು ಕಾಡಿಗೆ ಹೋಗ್ತಿರ್ತೀಯಲ್ಲ, ನನ್ನೂ ಕರ್ಕೊಂಡು ಹೋಗು" ಎಂದರು.

ಬನ್ನೇರುಘಟ್ಟದ ಕಡೆಯ ರಕ್ಷಿತಾರಣ್ಯಕ್ಕೆ ಹೊರಟೆವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು, ಕಾಡಿನಲ್ಲಿ ಪಟ ಬಿಡಬಾರದೆಂದು ದಾರಿಯಲ್ಲಿ ಮಂಡಿಸಲು ವಾದಗಳನ್ನು ಸಿದ್ಧಮಾಡಿಕೊಂಡಿದ್ದೆ. ಅವರು ಪಟವನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ರೀತಿ ಕಂಡು ಅವನ್ನೆಲ್ಲ ಕೈಬಿಟ್ಟೆ.

ದ್ವಾರದಲ್ಲಿದ್ದ ಗಾರ್ಡ್ ಚೀಲ ನೋಡಿ ನಕ್ಕರು. "ಇಡೀ ಜಯನಗರದ ದೇವ್ರೆಲ್ಲಾ ನಮ್ ಕಾಡಿಗೇ ಟ್ರಾನ್ಸ್‌ಫರ್ ಆಗಿ ಬರ್ತಾರಮ್ಮಾ."

"ಟ್ರಾನ್ಸ್‌ಫರ್ ಅಂದ್ಮೇಲೆ ಒಳ್ಳೆ ಕ್ವಾರ್ಟರ್ಸ್ ಕೊಡ್ಬೇಕಪ್ಪ" ಎಂದರು ಆಂಟಿ.

ಗಾರ್ಡ್ ಒಂದು ಮುದಿಮರದತ್ತ ಕೈತೋರಿಸಿದರು. ನಾವಿಬ್ಬರೂ ಕೈಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪನೆಯ ಕಾಂಡ. ಅದರ ಬೇರುಗಳ ನಡುವೆ ಪಟಗಳ ರಾಶಿ... ಬಣ್ಣ ಕರಗಿದ ಮುಖಗಳು, ಗೋಣಿದಾರ, ಸುತ್ತಲೂ ಗಾಜಿನ ಚೂರು. ಆ ಚೂರುಗಳ ನಡುವೆಯೇ ಮಣ್ಣಿನಲ್ಲಿ ಪುಟ್ಟ ಗೊರಸಿನ ಗುರುತುಗಳಿದ್ದವು. ಆಂಟಿ ಬಹಳ ಹೊತ್ತು ಬಗ್ಗಿ ನೋಡಿದರು.

"ಜಿಂಕೆಮರಿ ಇರ್ಬೇಕು, ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಟವನ್ನು ಚೀಲಕ್ಕೆ ಸೇರಿಸಿದರು. "ನಡಿ, ಮನೆಗೆ ಹೋಗೋಣ."

ಆ ಸಂಜೆ ಅವರು ಗಾಜನ್ನು ಬಿಡಿಸಿ ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿಟ್ಟರು. ಬಕೆಟ್ಟಿನ ನೀರಿಗೆ ಅರಿಶಿನ ಬೆರೆಸಿ, ಆರತಿ ಎತ್ತಿ, ಚಿತ್ರವನ್ನು ಮುಳುಗಿಸಿದರು. "ಗಣಪತೀನ ವರ್ಷಾವರ್ಷ ಬಕೆಟ್ಟಲ್ಲೇ ಕಳಿಸ್ತೀವಿ. ಲಕ್ಷ್ಮಿಗೆ ಯಾಕೋ ಕಾಡು?" ಎಂದರು. ಮೆತ್ತಗಾದ ಕಾಗದವನ್ನು ಮರುದಿನ ಪಾರಿಜಾತದ ಬುಡಕ್ಕೆ ಸುರಿದರು.

ಅಂದಿನಿಂದ ಬೀದಿಯವರೆಲ್ಲ ತಮ್ಮ ಒಡೆದ ಪಟಗಳನ್ನು ಅವರ ಬಳಿಗೇ ತರತೊಡಗಿದರು. ಇದು ಯಾವ ಶಾಸ್ತ್ರವೆಂದು ಕೇಳಿದವರಿಗೆ ಆರತಿ ತಟ್ಟೆ ಕೊಡುತ್ತಿದ್ದರು, ಅಷ್ಟೆ.

ಈಗ ಅವರಿಲ್ಲ. ಮೊನ್ನೆ ಪಟ ಹಿಡಿದು, ಅಭ್ಯಾಸಬಲದಿಂದ ಅವರ ಮನೆಯ ಗೇಟಿನವರೆಗೂ ಹೋಗಿ ನಿಂತುಬಿಟ್ಟೆ...

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ: ಕಾಡಿಗೆ ಬರಿಗೈಯಲ್ಲಿ ಹೋಗಿ. ದೇವರನ್ನು ನಿಮ್ಮ ಮನೆಯಿಂದಲೇ ಬೀಳ್ಕೊಡಿ.