ಎಡ ರೆಕ್ಕೆ ಮೇಲೆ

ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಅವಳನ್ನು ಎಲ್ಲರೂ ಚುಕ್ಕಿ ಅಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಹುಳುಗಳ ಚಿತ್ರ ಬರೆಯುವುದೇ ಅವಳ ಕೆಲಸ. ನೆರಳಿಗೆ ಗೆರೆ ಎಳೆಯುವಂತಿಲ್ಲ, ಸಣ್ಣ ಮೊನೆಯ ಪೆನ್ನಿನಿಂದ ಚುಕ್ಕಿ ಇಡುತ್ತಾ ಹೋಗಬೇಕು. ಕುತ್ತಿಗೆ ಹಿಡಿದುಕೊಳ್ಳುವ ಕೆಲಸ, ಆದರೂ ಅವಳಿಗೆ ಅದೆಂದೂ ಬೇಸರ ತಂದಿರಲಿಲ್ಲ.

ಹೆರಿಗೆ ರಜೆ ಮುಗಿಸಿ ಬಂದಾಗ ಅವಳ ಮೇಜಿನ ಮೇಲೆ ಹೊಸ ಕ್ಯಾಮೆರಾ ಕೂತಿತ್ತು. ವಿಭಾಗದ ಮುಖ್ಯಸ್ಥೆ ಮೇಡಂ ಮುಚ್ಚುಮರೆ ಮಾಡಲಿಲ್ಲ.

"ಈ ಸಲದ ಚಿತ್ರ ನೀನೇ ಬರಿಯಮ್ಮ. ಇದು ಸರಿಬರದಿದ್ರೆ ಇನ್ಮೇಲೆ ಫೋಟೋನೇ ಸಾಕು ಅಂತಿದಾರೆ ಮೇಲಿನವ್ರು. ನಿನ್ನ ಲೇಬಲ್ ಅಂಟಿಸೋಕೆ ಕೂರಿಸ್ತಾರೆ."

ಬರೆಯಬೇಕಾಗಿದ್ದದ್ದು ಒಂದು ಪೊದೆಮಿಡತೆ. ಎಲೆಹಸಿರು ಮೈ, ಮೈಗಿಂತ ಎರಡರಷ್ಟು ಉದ್ದದ ಮೀಸೆ, ಬಲಗಡೆಯ ಹಿಂಗಾಲು ಇಲ್ಲ. ಸಂಗ್ರಹಾಲಯದ ಹಿತ್ತಿಲ ಬೇಲಿಯಲ್ಲೇ ಸಿಕ್ಕಿದ್ದು, ಅದೂ ಒಂದೇ ಒಂದು. ಎಡ ರೆಕ್ಕೆಯ ಅಡಿ ಬಡಗಿಯ ಅರದಂಥ ಹಲ್ಲಿನ ಸಾಲಿರುತ್ತದೆ. ಅದನ್ನು ಬಲ ರೆಕ್ಕೆಗೆ ಉಜ್ಜಿ ಹಾಡುವ ಜೀವ ಇದು. ಇಷ್ಟು ಕಡಿಮೆ ಹಲ್ಲಿನ ಪೊದೆಮಿಡತೆಯನ್ನು ಈವರೆಗೆ ಯಾರೂ ಕಂಡಿಲ್ಲವಾದ್ದರಿಂದ ಇದು ಹೊಸ ಜಾತಿ ಎಂದು ಮೇಡಂ ಬರೆದಿಟ್ಟಿದ್ದರು. ಚಿತ್ರವೊಂದು ಬಾಕಿ.

ಮೂರನೆಯ ದಿನ ಮಧ್ಯಾಹ್ನ ಚಿತ್ರ ಮುಂದಿಟ್ಟಳು. ಮೇಡಂ ನೋಡಿದವರೇ ಕನ್ನಡಕ ತೆಗೆದರು.

"ಅಯ್ಯೋ, ಬಲ ರೆಕ್ಕೆ ಮೇಲೆ ಬಂದಿದೆಯಲ್ಲೇ! ಪೊದೆಮಿಡತೇಲಿ ಯಾವಾಗ್ಲೂ ಎಡಾನೇ ಮೇಲೆ. ಟ್ರೇಸಿಂಗ್ ಹಾಳೆ ಮಗುಚಿ ಹಾಕಿದ್ಯಾ?"

ಹುಳುಗಳನ್ನು ಒಣಗಿಸಿ ಸೂಜಿಗೆ ಚುಚ್ಚಿ ಕೂರಿಸುವ ಸೂಜಿ ಮಾಮ ಪಕ್ಕದ ಮೇಜಿನಿಂದಲೇ ನಕ್ಕರು. "ಕೂಸು ನಿದ್ದೆ ಕೆಡಿಸಿದ್ರೆ ಎಡ ಬಲ ಹೇಗೆ ತಿಳೀಬೇಕು ಮೇಡಂ? ನಿನ್ನೆ ಒಂದೊಂದು ಕಾಲಿಗೆ ಒಂದೊಂದು ಚಪ್ಪಲಿ ಮೆಟ್ಕೊಂಡು ಬಂದಿದ್ಲು!"

ಚಪ್ಪಲಿಯ ಮಾತು ಸುಳ್ಳಲ್ಲ. ಮೂರು ದಿನದ ಕೆಲಸ ಹೋದರೆ ಹೋಗಲಿ, ಕಣ್ಣೇ ಕೈಕೊಟ್ಟಿತೇ? ಚಿತ್ರವನ್ನು ಮತ್ತೆ ನೋಡಿದಳು. ಮೆಲ್ಲನೆ ಕೇಳಿದಳು, "ಹಾಳೆ ಮಗುಚಿದ್ರೆ ಕಾಲೂ ಮಗುಚಬೇಕಿತ್ತಲ್ಲ ಮೇಡಂ? ಹುಳಕ್ಕೆ ಇಲ್ದೇ ಇರೋದು ಬಲಗಾಲೇ. ಚಿತ್ರದಲ್ಲೂ ಬಲಗಾಲೇ ಇಲ್ಲ."

ಮೇಡಂ ಪೆಟ್ಟಿಗೆ ತೆಗೆದು ಮಿಡತೆಯನ್ನು ಲೆನ್ಸಿನಡಿ ಇಟ್ಟರು. ಬಲ ರೆಕ್ಕೆಯೇ ಮೇಲಿತ್ತು. ಸೂಜಿ ಮಾಮ ಗಂಟಲು ಸರಿಮಾಡಿಕೊಂಡರು.

"ಹಲ್ಲು ಎಣಿಸ್ಬೇಕು, ರೆಕ್ಕೆ ಬಿಡಿಸಿಕೊಡಿ ಅಂದಿದ್ರಲ್ಲ... ತೇವದ ಡಬ್ಬೀಲಿಟ್ಟು ಮೆತ್ತಗೆ ಮಾಡಿ ಬಿಡಿಸ್ದೆ. ಆವತ್ತು ಬೆಳಗ್ಗಿಂದ ಮನೆಮೂಲೇಲಿ ಕಿರಗುಟ್ಟೋ ಚಿಮ್ಮಂಡೆಗಳನ್ನೇ ಕೂರಿಸ್ತಿದ್ದೆ. ಅವಕ್ಕೆ ಬಲಾನೇ ಮೇಲೆ. ಅದೇ ಕೈರೂಢೀಲಿ ಇದನ್ನೂ ಮಡಿಚಿಬಿಟ್ಟೆ ಅಂತ ಕಾಣುತ್ತೆ."

"ಹಾಗಾದ್ರೆ ಚಪ್ಪಲಿ ಅದಲು ಬದಲು ಮಾಡಿದ್ದು ನೀವು ಮಾಮ!" ಎಂದಳು ಚುಕ್ಕಿ ಅಕ್ಕ. ಮಾಮ ಕಿವಿ ಹಿಡಿದುಕೊಂಡರು.

ಮೇಡಂ ಮಾತ್ರ ನಗದೆ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಿದ್ದರು. "ವಾರದ ಹಿಂದೆ ನಾನೇ ತೆಗೆದ ಫೋಟೋ ಇದು. ಹತ್ತು ಸಲ ನೋಡಿದೀನಿ. ಈ ಹೊಳಪಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಒಂದೂ ಗೊತ್ತಾಗಲ್ಲ. ನಿನ್ನ ಚಿತ್ರದಲ್ಲಿ ಒಂದೇ ನೋಟಕ್ಕೆ ಕಣ್ಣಿಗೆ ಹೊಡೀತು. ಇವೆರಡನ್ನೂ ನಾಳೆ ಮೇಲಿನವ್ರ ಮುಂದೆ ಇಡ್ತೀನಿ. ಲೇಬಲ್ ಅವ್ರೇ ಅಂಟಿಸ್ಕೊಳ್ಳಿ. ಮಾಮ, ನೀವು ರೆಕ್ಕೆ ಸರಿಮಾಡಿ. ನೀನು ಇನ್ನೊಂದ್ಸಲ ಬರೀತೀಯಾ?"

"ಬರೀದೇ ಮತ್ತೆ?"

ಸಂಜೆ ಮನೆಯಲ್ಲಿ ಅಮ್ಮ ಕೂಸನ್ನು ಅವಳ ಕೈಗಿಡುತ್ತಾ ಕೇಳಿದರು, "ಮುಗೀತೇನೇ ಆ ಮಿಡತೆ?"

"ಎಲ್ಲಮ್ಮಾ, ಮೊದಲಿಂದ ಬರೀಬೇಕು."

"ಅಯ್ಯೋ! ಅದಕ್ಕೇನೇ ಬಾಯ್ತುಂಬ ನಗು?"

"ಹೂಂ ಅಮ್ಮ," ಎಂದು ಅವಳು ಕೂಸಿನ ಬಾಯಿಂದ ತನ್ನ ಜಡೆಯ ತುದಿಯನ್ನು ಬಿಡಿಸಿಕೊಂಡಳು. "ಅದಕ್ಕೇನೇ."