ಬೈಪಾಸಿನ ಮೇಲೆ ಹರವಿದ ಕಡಲೆ

ಕಣ್ಣೆದುರು ಇನ್ನೂ ಆ ರಸ್ತೆಯೇ ಇದೆ. ಗಜೇಂದ್ರಗಡವನ್ನು ಬಳಸಿ ಹೋಗುವ ಹೊಸ ಬೈಪಾಸಿನಲ್ಲಿ ಆ ಮಧ್ಯಾಹ್ನ ಒಂದು ಸದ್ದೂ ಇರಲಿಲ್ಲ. ಗಾಡಿಗಳು ತುಳಿದು ಕಾಳು ಉದುರಲೆಂದು ಯಾರೋ ರಸ್ತೆ ತುಂಬ ಒಣಗಿದ ಕಡಲೆ ಗಿಡ ಹರವಿದ್ದರು.

"ತುಳಿಸಿದ್ರ ಪುಣ್ಯ ಬರ್ತೈತ್ರಿ" ಎನ್ನುತ್ತ ಡ್ರೈವರ್ ಬಸಣ್ಣ ನಾವಿಬ್ಬರೂ ಕೂತಿದ್ದ ಲಾರಿಯನ್ನು ಅದರ ಮೇಲೆಯೇ ಓಡಿಸಿದ. ಅರ್ಧ ದಾಟುವಷ್ಟರಲ್ಲಿ ಎದುರಿನ ಗಿಡಗಳೊಳಗಿಂದ ಒಬ್ಬ ಮುದುಕಿ ಎದ್ದು ಕೂತಳು. ಲಾರಿ ಜಾರುತ್ತ ಹೋಗಿ ಅವಳ ಮುಂದೆಯೇ ನಿಂತಿತು.

"ಇಲ್ಲಿ ಮಲಗ್ತಾರೇನಬೇ?" ಬಸಣ್ಣ ಕೆಳಗೆ ಜಿಗಿದ, ಹಿಂದೆಯೇ ನಾನೂ.

"ಮುಂಜಾನಿಂದ ಒಂದು ಗಾಡಿ ಬರಲಿಲ್ಲೋ ಯಪ್ಪಾ. ಸುತ್ತ ಎಲ್ಲೂ ಒಂದು ದೊಡ್ಡ ಗಿಡದ ನೆರಳಿಲ್ಲ. ಈ ಕಡಲಿ ಒಳಗ ಅಡ್ಡಾದ್ವಿ."

"ಮತ್ಯಾರದಾರ?"

"ನನ್ನ ಸೊಸಿ." ಮುದುಕಿ ನಾವು ದಾಟಿ ಬಂದ ಕಡೆ ನೋಡಿದಳು.

ನಾನೂ ತಿರುಗಿದೆ. ಚಕ್ರದ ಗುರುತಿನಿಂದ ಗೇಣು ದೂರದಲ್ಲಿ ಗಿಡಗಳು ಅಲುಗಿದವು. ಬಳೆ ತೊಟ್ಟ ಎರಡು ಕೈ ಮೇಲೆದ್ದವು. ಒಳಗೆ ಆಕೆ ನಿಧಾನವಾಗಿ ಮೈಮುರಿಯುತ್ತಿದ್ದಳು.