ನೀಲಿ ಬಿಂದಿಗೆಯ ಎತ್ತರ

ಅವರ ಎಡಗೆನ್ನೆಯ ಮೇಲೆ, ಕಿವಿಗೆ ಸ್ವಲ್ಪ ಮುಂದೆ, ಸಿಮೆಂಟಿನ ಬೂದು ಪುಡಿ ಅಂಟಿಕೊಂಡಿರುತ್ತಿತ್ತು. ಒಂದು ಹೆಬ್ಬೆಟ್ಟಿನ ಅಗಲ, ಅಷ್ಟೇ. ಬಿಳಿ ಪಂಚೆಯ ಮೇಲೆ, ಬಲಮಂಡಿಯ ಜಾಗದಲ್ಲೂ ಅದೇ ಬಣ್ಣದ ಗುರುತು. ಹಾಲು ತರಲು ಹೋದಾಗ, ಬ್ಯಾಂಕಿಗೆ ಹೋದಾಗ, ಮದುವೆ ಮನೆಗೆ ಹೋದಾಗಲೂ ಅದು ಹಾಗೇ ಇರುತ್ತಿತ್ತು. ಯಾರಾದರೂ ಹೇಳಿದರೆ ಒರೆಸಿಕೊಳ್ಳುತ್ತಿದ್ದರು. ಮರುದಿನ ಮತ್ತೆ ಇರುತ್ತಿತ್ತು.

ಅವರು ನಾನಿದ್ದ ಮನೆಯ ಓನರ್. ಮಹದೇವಪುರದಲ್ಲಿ, ಟೆಕ್ ಪಾರ್ಕಿನ ಹಿಂದಿನ ಗೋಡೆಗೆ ತಾಗಿಕೊಂಡಿರುವ ಹಳೆಯ ಊರಿನ ಬೀದಿಯಲ್ಲಿ ಅವರ ಕಟ್ಟಡ. ಕೆಳಗೆ ಅವರು, ಮೊದಲ ಮಹಡಿಯಲ್ಲಿ ಮಗಳು ಅಳಿಯ, ಅದರ ಮೇಲೆಲ್ಲ ನಾವು ಬಾಡಿಗೆಯವರು. ಗೋಡೆಯಾಚೆ ನಾನು ಕೆಲಸ ಮಾಡುವ ಕಟ್ಟಡ ನಿಂತಿರುವುದು ಅವರ ತಂದೆಯ ಹೊಲದ ಮೇಲೆ. ಅದನ್ನು ಅವರು ಹೆಮ್ಮೆಯಿಂದಲೂ ಹೇಳುತ್ತಿರಲಿಲ್ಲ, ನೋವಿನಿಂದಲೂ ಹೇಳುತ್ತಿರಲಿಲ್ಲ. “ನಿಮ್ಮ ಕ್ಯಾಂಟೀನ್ ಐತಲ್ಲ, ಅಲ್ಲಿ ನಮ್ಮ ಬಾವಿ ಇತ್ತು ಕಣಮ್ಮ. ನೀರು ಸಪ್ಪೆ. ಈಗ ಕಾಫಿನೂ ಸಪ್ಪೆ ಅಂತೀಯಲ್ಲ, ಅದ್ಕೇ ಇರ್ಬೇಕು,” ಎಂದು ಒಮ್ಮೆ ನಕ್ಕಿದ್ದರು.

ನಾನು ಆ ಮನೆಗೆ ಬಂದಾಗ ಅಂಗಳದಲ್ಲಿ ಒಂದು ದೊಡ್ಡ ಕಪ್ಪು ಎಸ್‌ಯುವಿ ಇತ್ತು. ಹತ್ತುವುದಕ್ಕೆ ಬಾಗಿಲ ಕೆಳಗೆ ಮೆಟ್ಟಿಲಿದ್ದ ಗಾಡಿ. ಆಯುಧಪೂಜೆಯ ದಿನ ಅದರ ನೆತ್ತಿಗೆ ಸೇವಂತಿಗೆ ಹಾರ ಹಾಕಲು ಏಣಿ ತರುತ್ತಿದ್ದರು. ಬೀದಿಯ ಮಕ್ಕಳನ್ನೆಲ್ಲ ತುಂಬಿಕೊಂಡು ರಿಂಗ್ ರೋಡಿನವರೆಗೆ ಒಂದು ಸುತ್ತು ಹೋಗಿಬರುತ್ತಿದ್ದರು. ಮಗಳ ಮಗಳು ಅದನ್ನು ಆನೆ ಎಂದು ಕರೆಯುತ್ತಿದ್ದಳು. ಅವಳಿಗೆ ಮೂರು ತುಂಬಿರಲಿಲ್ಲ.

ಒಂದು ಬೆಳಿಗ್ಗೆ ಅವರು ಗಾಡಿಯನ್ನು ಅಂಗಳದಿಂದ ಹೊರಗೆ ತೆಗೆಯುತ್ತಿದ್ದರು. ಮಗು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಪುಡಿಯಲ್ಲಿ ಆಡುತ್ತಿತ್ತು. ಅಷ್ಟು ಎತ್ತರದ ಸೀಟಿನಿಂದ ಅವರಿಗೆ ಕಾಣಲಿಲ್ಲ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ನಾನು ಕೆಲಸದಿಂದ ಬಂದಾಗ ಅಂಗಳವನ್ನು ತೊಳೆದಿದ್ದರು. ಗಾಡಿಯ ಬಾಗಿಲು ತೆರೆದೇ ಇತ್ತು. ಅವರ ಒಂದು ಚಪ್ಪಲಿ ನೆಲದ ಮೇಲಿತ್ತು, ಇನ್ನೊಂದು ಬ್ರೇಕಿನ ಅಡಿ ಸಿಕ್ಕಿಕೊಂಡಿತ್ತು.

ಮಗಳು ಗಂಡನ ಜೊತೆ ಹೆಬ್ಬಗೋಡಿಗೆ, ಅತ್ತೆಯ ಮನೆಗೆ ಹೊರಟುಹೋದರು. ಹೋಗುವಾಗ ಅಪ್ಪನೊಡನೆ ಒಂದು ಮಾತೂ ಆಡಲಿಲ್ಲ. ಆಮೇಲೆ ಫೋನನ್ನೂ ಎತ್ತಲಿಲ್ಲ. ಹೆಂಡತಿ ತೀರಿಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಇದ್ದವಳು ಈ ಮಗಳೊಬ್ಬಳೇ. ಅವರಿಗೆ ಬೇಕಾಗಿದ್ದದ್ದು ಕ್ಷಮೆಯಲ್ಲ. ಆ ಪದವನ್ನು ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ. “ಬೈಲಿ ಕಣಮ್ಮ. ಬಾಯಿಗೆ ಬಂದಂಗೆ ಬೈಲಿ. ಮಾತಾಡಿದ್ರೆ ಸಾಕು ನಂಗೆ,” ಎನ್ನುತ್ತಿದ್ದರು.

ಪೊಲೀಸರ ಕೆಲಸ, ನ್ಯಾಯಾಲಯದ ಕೆಲಸ ಮುಗಿಯುವಷ್ಟರಲ್ಲಿ ವರ್ಷ ದಾಟಿತ್ತು. ಗಾಡಿಯನ್ನು ಮಾರಿ ಒಬ್ಬ ಡ್ರೈವರನ್ನು ಇಟ್ಟುಕೊಳ್ಳಿ, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ನೆಂಟರೆಲ್ಲ ಹೇಳಿದರು. ಅವರು ಒಪ್ಪಲಿಲ್ಲ. “ಡ್ರೈವರ್ ಇಟ್ಕೊಂಡು ನಾನು ಇಂದೆ ಕುಂತ್ರೆ, ಮಾಡಿದ್ದು ಇನ್ಯಾರೋ ಅನ್ನಂಗೆ ಆಗೋಯ್ತದೆ,” ಎಂದರು. ಆಮೇಲೆ ಒಂದು ದಿನ ನನ್ನನ್ನು ಕರೆದು, “ಫೋನಲ್ಲಿ ನೋಡಮ್ಮ, ಕುಳ್ಳಗಿರೋ ಗಾಡಿ ಯಾವ್ದಾದ್ರೂ ಐತಾ. ನೆಲಕ್ಕೆ ಅಂಟ್ಕಂಡಿರ್ಬೇಕು,” ಎಂದರು.

ಹೀಗೆ ನಾನು ಕೆಲವು ಶನಿವಾರ ಅವರ ಜೊತೆ ಹಳೆ ಕಾರು ಮಾರುವ ಅಂಗಡಿಗಳಿಗೆ ಹೋದೆ. ಅವರು ಮನೆಯಿಂದ ಒಂದು ನೀಲಿ ಪ್ಲಾಸ್ಟಿಕ್ ಬಿಂದಿಗೆ ತರುತ್ತಿದ್ದರು. ಬೋರ್‌ವೆಲ್ ಕೈಕೊಟ್ಟಾಗ ನಾವೆಲ್ಲ ಟ್ಯಾಂಕರಿನ ಮುಂದೆ ಸಾಲಾಗಿ ಇಡುತ್ತಿದ್ದಂಥ ಬಿಂದಿಗೆ. ಪ್ರತಿ ಕಾರಿನ ಮುಂದೆಯೂ ಅದನ್ನು ಇಟ್ಟು, ಡ್ರೈವರ್ ಸೀಟಿನಲ್ಲಿ ಕೂತು, ಬಿಂದಿಗೆಯ ಬಾಯಿ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಕುಕ್ಕರಗಾಲಲ್ಲಿ ಕೂತ ಮಗುವಿನ ಎತ್ತರ ಅದು. ಅದನ್ನು ಅವರು ನನಗೆ ಹೇಳಿರಲಿಲ್ಲ; ಎರಡನೆಯ ಅಂಗಡಿಯಲ್ಲಿ ಅವರು ಬಿಂದಿಗೆಯನ್ನು ಇಟ್ಟ ಕೈಯನ್ನು ನೋಡಿ ನನಗೇ ಗೊತ್ತಾಯಿತು. ಇಟ್ಟ ಮೇಲೆ ಒಂದು ಗಳಿಗೆ ಅದರ ನೆತ್ತಿಯ ಮೇಲೆ ಕೈ ಇಟ್ಟುಕೊಂಡೇ ಇದ್ದರು.

“ಏನ್ ಅಂಕಲ್, ಕಾರಲ್ಲಿ ನೀರು ಸಪ್ಲೈ ಮಾಡ್ತೀರಾ?” ಎಂದು ಒಬ್ಬ ಕೇಳಿದ.

ಇನ್ನೊಬ್ಬ ಒಳ್ಳೆಯ ಮಾತಿನಲ್ಲಿ, “ಸಾರ್, ಬಿಂದಿಗೆ ಯಾಕ್ ಸಾರ್, ಮುಂದೆ ಕ್ಯಾಮೆರಾ ಇದೆ. ಸ್ಕ್ರೀನಲ್ಲೇ ಎಲ್ಲಾ ಕಾಣುತ್ತೆ,” ಎಂದ.

“ಆ ಗಾಡೀಲೂ ಇತ್ತಪ್ಪ,” ಎಂದರು ಓನರ್. “ನಾನು ಗೇಟ್ ನೋಡ್ತಿದ್ದೆ.”

ಸಣ್ಣ ಕಾರುಗಳಲ್ಲೂ ಬಿಂದಿಗೆ ಕಾಣಲಿಲ್ಲ. ಕೊನೆಗೆ ಸಿಕ್ಕಿದ್ದು ವೈಟ್‌ಫೀಲ್ಡಿನ ಒಂದು ಶೆಡ್ಡಿನಲ್ಲಿ. ಹಳೆಯ ಕಾಲದ ಕಾರುಗಳನ್ನು ರಿಪೇರಿ ಮಾಡಿ ಮಾರುವವನ ಬಳಿ, ಬಣ್ಣ ಮಾಸಿದ ಹಸಿರು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಎಂಜಿನ್ ಹಿಂದಿದ್ದುದರಿಂದ ಮೂತಿ ಇಳಿಜಾರಾಗಿ ನೆಲದ ಕಡೆಗೆ ಬಾಗಿತ್ತು. ಒಳಗೆ ಇಳಿಯಲು ಅವರು ಬಾಗಿಲು ಹಿಡಿದುಕೊಂಡು ಮೊದಲು ಸೊಂಟ, ಆಮೇಲೆ ಒಂದೊಂದೇ ಕಾಲನ್ನು ಎಳೆದುಕೊಂಡರು. ಕೂತು ಮುಂದೆ ನೋಡಿದರು. ಬಹಳ ಹೊತ್ತು ಇಳಿಯಲಿಲ್ಲ. ಗಾಜಿನಾಚೆ ಬಿಂದಿಗೆಯ ಬಾಯಿ, ಕುತ್ತಿಗೆ, ಅರ್ಧ ಹೊಟ್ಟೆ ಕಾಣುತ್ತಿತ್ತು.

ಎಸ್‌ಯುವಿಯನ್ನು ಕೊಟ್ಟು ಇದನ್ನು ತೆಗೆದುಕೊಳ್ಳುತ್ತೇನೆ ಎಂದಾಗ ಶೆಡ್ಡಿನವನಿಗೇ ಸಂಕೋಚವಾಯಿತು. “ಯಜಮಾನ್ರೇ, ಅದೆಲ್ಲಿ, ಇದೆಲ್ಲಿ? ಮನೇಲಿ ಒಂದ್ ಮಾತು ಕೇಳ್ಕೊಂಡ್ ಬನ್ನಿ.”

“ಮನೇಲಿ ಯಾರೂ ಇಲ್ಲ,” ಎಂದರು. ಎಸ್‌ಯುವಿಯ ಕೀ ಕೊಡುವ ಮೊದಲು ಮಾತ್ರ ತಡೆದರು. “ಒಂದು ವಿಷ್ಯ. ನನ್ನ ಮೊಮ್ಮಗಳು ಇದ್ರಡಿ ಸಿಕ್ಕಿ ಸತ್ತೋದ್ಲು. ಗೊತ್ತಿದ್ದು ತಗೊಳೋದಾದ್ರೆ ತಗೋ. ಮುಂದೆ ಯಾರಿಗೆ ಮಾರ್ತೀಯೋ ಅವ್ರಿಗೂ ಏಳು.”

ಶೆಡ್ಡಿನವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಕೀ ತೆಗೆದುಕೊಂಡ.

ಬೀದಿಯಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಅವರು ಹೇಳಲೂ ಇಲ್ಲ. ಹಾಲಿನ ಅಂಗಡಿಯ ಮುಂದೆ, ಅವರು ನಾಲ್ಕು ಹೆಜ್ಜೆ ದೂರದಲ್ಲಿರುವಾಗಲೇ, ಒಬ್ಬ ಹೇಳುತ್ತಿದ್ದ: “ಮಗೂನ ತಿಂದ್ಕೊಂಡು ಈಗ ಜಾಲಿ ರೈಡು ನೋಡು ಗುರು. ಸಕ್ಕತ್ತಾಗೈತೆ ಮುದುಕಂಗೆ.” ಅವರು ಹಾಲು ತೆಗೆದುಕೊಂಡು, ಅವನ ಪಕ್ಕದಲ್ಲೇ ಹಾದು, “ಸ್ವಲ್ಪ ಜಾಗ ಬಿಡಪ್ಪ,” ಎಂದು ಬಂದುಬಿಟ್ಟರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. “ಬೇಡಮ್ಮ,” ಎಂದರು. “ಅವ್ನು ಸುಳ್ಳೇನ್ ಏಳಿಲ್ವಲ್ಲ.”

ಕೆನ್ನೆಯ ಮೇಲಿನ ಪುಡಿಯ ವಿಷಯಕ್ಕೆ ಬರುತ್ತೇನೆ. ಆ ಕಾರನ್ನು ತೆಗೆಯುವ ಮೊದಲು ಅವರು ಅದರ ಸುತ್ತ ಒಂದು ಸಲ ಪೂರ್ತಿ ನಡೆಯುತ್ತಿದ್ದರು. ಮೂತಿಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದರು. ಆಮೇಲೆ ಬಲಮಂಡಿ ಊರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಗಾಡಿಯ ಅಡಿಗೆ ನೋಡುತ್ತಿದ್ದರು. ಅದರ ಅಡಿ ಒಂದು ಗೇಣಿಗಿಂತ ಹೆಚ್ಚು ಜಾಗವಿರಲಿಲ್ಲ. ಕೆನ್ನೆ ನೆಲಕ್ಕಿಡದೆ ಕಾಣುತ್ತಿರಲಿಲ್ಲ. ಅಷ್ಟೇ ಅಲ್ಲ, ಆಚೆ ಬದಿಯಿಂದಲೂ ಯಾರಾದರೂ ಹಾಗೆಯೇ ನೋಡಬೇಕಿತ್ತು. ನೋಡಿ, ಗಟ್ಟಿಯಾಗಿ “ಏನೂ ಇಲ್ಲ” ಎನ್ನಬೇಕಿತ್ತು. ಅದು ಕಿವಿಗೆ ಬೀಳುವವರೆಗೆ ಅವರು ಕೀ ಹಾಕುತ್ತಿರಲಿಲ್ಲ. ಆಚೆ ಬದಿಯವಳು ನಾನಾದೆ. ಮೊದಲ ಸಲ ನಾನು ಸುಮ್ಮನೆ ಬಗ್ಗಿ ನೋಡಿ ಹೇಳಿಬಿಟ್ಟಾಗ ಅವರು ಎದ್ದು ನಿಂತು, “ನೀನು ನೋಡ್ಲಿಲ್ಲ. ಏಳ್ದೆ ಅಷ್ಟೇ,” ಎಂದರು. ಅಂದಿನಿಂದ ನನ್ನ ಕೆನ್ನೆಯೂ ನೆಲಕ್ಕೆ ತಾಗಿತು.

ಮೊದಲ ಭಾನುವಾರವೇ ಹೆಬ್ಬಗೋಡಿಗೆ ಹೊರಟರು. ವಾಪಸು ಹೊರಡುವಾಗ ಆಚೆ ಬದಿ ನೋಡಲು ಒಬ್ಬರು ಬೇಕಲ್ಲ ಎಂದು ನನ್ನನ್ನೂ ಕರೆದರು. ಹೊಸೂರು ರಸ್ತೆಯಲ್ಲಿ ಲಾರಿಗಳ ಚಕ್ರ ನನ್ನ ಕಣ್ಣಿನ ಮಟ್ಟದಲ್ಲಿ ತಿರುಗುತ್ತಿತ್ತು. ನಾನು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೆ. “ಎದುರ್ಕೋಬೇಡ,” ಎಂದರು. “ಮೇಲ್ ಕುಂತ್ರೆ ಎಲ್ಲಾ ಕಾಣ್ತದೆ ಅಂತ ಆ ಗಾಡಿ ತಗೊಂಡಿದ್ದೆ. ಇಲ್ಲಿ ನೋಡು, ಬರೀ ಕಾಲ್ಗಳೇ ಕಾಣ್ತವೆ. ಇದೇ ಕಾಣ್ಬೇಕಾಗಿತ್ತು.”

ಸಾಲು ಸಾಲು ಬಾಡಿಗೆ ಮನೆಗಳ ನಡುವೆ ಮಗಳ ಮನೆ. ಕಾರಿನ ಸದ್ದಿಗೆ ಅಕ್ಕಪಕ್ಕದವರೆಲ್ಲ ಬಾಲ್ಕನಿಗೆ ಬಂದರು. ಮಗಳೂ ಕೆಳಗಿಳಿದು ಗೇಟಿನವರೆಗೆ ಬಂದು ನಿಂತರು. ಬಹಳ ಸೊರಗಿಹೋಗಿದ್ದರು. ಅಪ್ಪನನ್ನು ನೋಡದೆ ಕಾರನ್ನೇ ನೋಡುತ್ತಿದ್ದರು.

 ಓನರ್ ಸೀಟಿನ ಹಿಂದಿನಿಂದ ಬಿಂದಿಗೆಯನ್ನು ತೆಗೆದು ಕಾರಿನ ಮುಂದೆ ಇಟ್ಟರು. ಡ್ರೈವರ್ ಬಾಗಿಲನ್ನು ಪೂರ್ತಿ ತೆರೆದು ಹಿಡಿದರು. “ಒಂದ್ಸಲ ಕುಂತು ನೋಡವ್ವ,” ಎಂದರು. “ಕಾಣ್ತದೆ ಇದ್ರಲ್ಲಿ. ನಾನು ನೋಡಿವ್ನಿ, ಕಾಣ್ತದೆ.”

ಮಗಳು ಬಿಂದಿಗೆಯನ್ನು ನೋಡಿದರು. ಅದು ಎಷ್ಟು ಎತ್ತರವಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ನನ್ನ ಮಗಳು ಬಿಂದಿಗೇನಾ ಅಪ್ಪಾ?” ಎಂದರು.

ಮಗಳು ಕೂಗಲಿಲ್ಲ.  ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಓನರ್ ಬಿಂದಿಗೆಯನ್ನು ಎತ್ತಿ ಎದೆಗೆ ಒತ್ತಿಕೊಂಡು ನಿಂತರು. ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಫೋನ್ ಹಿಡಿದು ಕಾರಿನ ಫೋಟೊ ತೆಗೆಯುತ್ತಿದ್ದರು. ಹೊರಡುವಾಗ ಅಲ್ಲಿಯೂ, ಅಷ್ಟು ಜನರ ಮುಂದೆಯೂ, ಅವರು ಸುತ್ತು ಬಂದರು, ತಟ್ಟಿದರು, ಮಂಡಿಯೂರಿದರು. ನಾನು ಆಚೆ ಬದಿಯಿಂದ ಕೆನ್ನೆಯೂರಿ “ಏನೂ ಇಲ್ಲ” ಎಂದೆ. ಎದ್ದಾಗ ಮೇಲಿನ ಕಿಟಕಿಯ ಪರದೆ ಅಲುಗಿತು.

ಕಾರು ರಿಂಗ್ ರೋಡಿಗೆ ಬಂತು. “ಮಾತಾಡಿದ್ಲಲ್ಲ,” ಎಂದರು ಓನರ್. ಅದನ್ನು ಸಮಾಧಾನದಿಂದ ಹೇಳಿದರೋ ಹೇಗೋ ನನಗೆ ಈಗಲೂ ಗೊತ್ತಿಲ್ಲ.

ಬಿಂದಿಗೆ ಮತ್ತೆ ಆ ಕಾರಿಗೆ ಬರಲಿಲ್ಲ. ಆದರೆ ಭಾನುವಾರದ ಹೆಬ್ಬಗೋಡಿ ನಿಲ್ಲಲಿಲ್ಲ. ಮಗಳ ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ, ಅರ್ಧ ಗಂಟೆ ಕೂತು, ಅದೇ ಕ್ರಮ ಮುಗಿಸಿ ವಾಪಸು ಬರುತ್ತಿದ್ದರು. ಮಗಳು ಇಳಿದು ಬರಲಿಲ್ಲ. ಬರಬೇಕಿತ್ತು ಎಂದು ಹೇಳಲು ನಾನು ಯಾರೂ ಅಲ್ಲ.

ಬರುವ ದಾರಿಯಲ್ಲಿ, ಖಾಲಿ ಇರುವ ಲೇಔಟಿನ ರಸ್ತೆಯಲ್ಲಿ, ಅವರು ನನಗೆ ಕಾರು ಓಡಿಸಲು ಕಲಿಸಿದರು. ಗೇರ್ ಗಡುಸು, ಕ್ಲಚ್ ಕಲ್ಲಿನಂತೆ. ನನ್ನ ಕೈ ತಪ್ಪಿ ಗೇರ್ ಕಿರುಗುಟ್ಟಿದಾಗ, “ಅದ್ರ ಹಲ್ಲು ಕೀಳ್ಬೇಡ ಮಾರಾಯ್ತಿ, ಅದೂ ನನ್ನಂಗೆ ಮುದುಕ,” ಎನ್ನುತ್ತಿದ್ದರು. ನಾನು ಸ್ವಭಾವತಃ ಯಾರ ಜೊತೆಗೂ ಹೆಚ್ಚು ಬೆರೆಯುವವಳಲ್ಲ. ಅವರು ನನ್ನ ಮನೆಯವರ ಬಗ್ಗೆ, ಮದುವೆಯ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ನಾನೂ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ಆ ಎರಡು ಸೀಟಿನಲ್ಲಿ ನಾವು ಸುಮ್ಮನಿರಬಹುದಿತ್ತು. ಈ ಊರಿನಲ್ಲಿ ನನಗೆ ಅಂಥ ಜಾಗ ಇನ್ನೊಂದಿರಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ಅವರು ಬಚ್ಚಲಲ್ಲಿ ಕುಸಿದರು. ಹೃದಯ ಎಂದರು ಆಸ್ಪತ್ರೆಯಲ್ಲಿ. ಸಂಜೆಯೊಳಗೆ ಮುಗಿದುಹೋಯಿತು. ಮಣ್ಣು ಮಾಡುವುದು ನಾಳೆ, ಬೆಳಿಗ್ಗೆ ದೇಹ ಮನೆಗೆ ಬರುತ್ತದೆ ಎಂದು ಅವರ ತಮ್ಮನ ಮಗ ಎಲ್ಲರಿಗೂ ಫೋನ್ ಮಾಡಿದ.

ಮರುದಿನ ಬೆಳಿಗ್ಗೆ ನಾನು ಕೆಳಗಿಳಿದಾಗ ಶಾಮಿಯಾನದವರು ಕಂಬ ಇಳಿಸಿಕೊಂಡು ಕಾಯುತ್ತಿದ್ದರು. ದೇಹವನ್ನು ಇಡಬೇಕಾದ ಅಂಗಳದ ನಟ್ಟನಡುವೆ ಹಸಿರು ಕಾರು ನಿಂತಿತ್ತು. ತಮ್ಮನ ಮಗ ಅದರೊಳಗೆ ಕೂತು ಗೇರ್ ಹಾಕಲಾಗದೆ ಬೆವರುತ್ತಿದ್ದ. “ಏನ್ ಗಾಡಿನೋ ಇದು! ಎಲ್ಲಾ ಸೇರಿ ತಳ್ಬಿಡಾನ ಬನ್ರೋ,” ಎಂದು ಕೂಗಿದ. ಮನೆಯ ಮೆಟ್ಟಿಲ ಮೇಲೆ ಮಗಳು ಕೂತಿದ್ದರು. ಹೆಬ್ಬಗೋಡಿಯಿಂದ ಆಗಷ್ಟೇ ಬಂದಿದ್ದರು. ಮನೆ ಬಿಟ್ಟು ಹೋದ ಮೇಲೆ ಆ ಅಂಗಳಕ್ಕೆ ಅವರು ಕಾಲಿಟ್ಟದ್ದು ಇದೇ ಮೊದಲು.

“ನಾನು ತೆಗೀತೀನಿ,” ಎಂದೆ. ತಮ್ಮನ ಮಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೀ ಕೊಟ್ಟು ಇಳಿದ.

ನಾನು ಕಾರಿನ ಸುತ್ತ ಒಂದು ಸಲ ನಡೆದೆ. ಮೂತಿಯ ಮೇಲೆ ಎರಡು ಸಲ ತಟ್ಟಿದೆ. “ಅಕ್ಕ, ಬೇಗ ತೆಗೀರಿ, ಆಂಬುಲೆನ್ಸ್ ಬಂದ್ಬಿಡ್ತದೆ,” ಎಂದು ಶಾಮಿಯಾನದವನು ಅವಸರ ಮಾಡಿದ. ನಾನು ಅವರು ಊರುತ್ತಿದ್ದ ಜಾಗದಲ್ಲೇ ಮಂಡಿಯೂರಿ, ಎಡಗೆನ್ನೆಯನ್ನು ನೆಲಕ್ಕಿಟ್ಟೆ. ಸಿಮೆಂಟು ತಣ್ಣಗಿತ್ತು. ಗಾಡಿಯ ಅಡಿ ಆಚೆ ಬದಿಯ ಬೆಳಕು ಒಂದು ಪಟ್ಟಿಯಂತೆ ಕಾಣುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಆಚೆಯಿಂದ ನೋಡಿ ಹೇಳಿ ಎಂದು ಯಾರನ್ನು ಕೇಳಲಿ ಎಂದು ತೋಚದೆ ಹಾಗೇ ಇದ್ದೆ.

ಬೆಳಕಿನ ಪಟ್ಟಿಯೊಳಗೆ ಎರಡು ಬರಿಗಾಲು ಬಂದು ನಿಂತವು. ಆಮೇಲೆ ಸೀರೆಯ ಅಂಚು, ಒಂದು ಮಂಡಿ, ಒಂದು ಅಂಗೈ. ಕೊನೆಗೆ ಮಗಳ ಮುಖ ನೆಲಕ್ಕೆ ತಾಗಿತು. ಅವರು ನನ್ನನ್ನು ನೋಡಲಿಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ನಿಧಾನವಾಗಿ ನೋಡಿದರು. ಮತ್ತೆ ಹಿಂದಿನಿಂದ ಮುಂದಕ್ಕೆ ನೋಡಿದರು. 

“ಏನೂ ಇಲ್ಲ,” ಎಂದರು.

ನಾನು ಎದ್ದು, ಒಳಗೆ ಕೂತು, ಕೀ ಹಾಕಿ, ಕಾರನ್ನು ಮೆಲ್ಲಗೆ ಗೇಟಿನ ಹೊರಗೆ ತಂದು ನಿಲ್ಲಿಸಿದೆ.